ಹುದುಗಿಗೆ ಒಂದು ಕೂಗು

ನನ್ನ ಗಂಡ ಹಾಲ್ವೋರ್ ಕೂಗಾಡುವ ಪೈಕಿ ಅಲ್ಲ. ಬಾಗಿಲ ಸಂದಿಗೆ ಬೆರಳು ಸಿಕ್ಕಿಕೊಂಡರೆ ಮೆಲ್ಲಗೆ "ಓ" ಅನ್ನುತ್ತಾನೆ, ಅದೂ ಬಾಗಿಲಿಗೆ ಎಲ್ಲಿ ನೋವಾಯಿತೋ ಎಂದು ವಿಚಾರಿಸುವವನ ಹಾಗೆ. ಹತ್ತೊಂಬತ್ತು ವರ್ಷದಿಂದ ಗ್ರಂಥಾಲಯದಲ್ಲಿ ಕೆಲಸ. ಉಳಿದವರನ್ನು ಸುಮ್ಮನಿರಿಸುವುದಕ್ಕೇ ಅಲ್ಲಿ ಅವನಿಗೆ ಸಂಬಳ. ಇಂಥವನನ್ನು ಮದುವೆಯಾಗುವ ಮೊದಲು ನಮ್ಮ ಮನೆಯ ಬಿಯರಿನ ಗತಿ ಏನು ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಈತ ಪಾತ್ರೆ ತೊಳೆಯುತ್ತಾನೆ, ದನಿ ಏರಿಸುವುದಿಲ್ಲ ಎಂದಷ್ಟೇ ನೋಡಿದೆ. ಇಪ್ಪತ್ತೆರಡರ ಹುಡುಗಿಗೆ ಅಷ್ಟು ಸಾಕಾಗಿತ್ತು.

ನಮ್ಮ ವೋಸ್ ಸೀಮೆಯಲ್ಲಿ ಹಬ್ಬದ ಬಿಯರನ್ನು ಅಂಗಡಿಯಿಂದ ತಂದರೆ ನೆಂಟರು ಕುಡಿಯುತ್ತಾರೆ, ಆದರೆ ಆಮೇಲೆ ಹತ್ತು ವರ್ಷ ಅದನ್ನೇ ಮಾತಾಡುತ್ತಾರೆ. ಮನೆಯ ನೆಲಮಾಳಿಗೆಯಲ್ಲೇ ಮಾಡಬೇಕು. ಜೂನಿಪರ್ ಸೊಪ್ಪು ಹಾಕಿ ಕುದಿಸಿದ ನೀರಿನಲ್ಲಿ ಮೊಳಕೆ ಬಾರ್ಲಿ ನೆನೆಸಿ, ಬಸಿದು, ಗಂಟೆಗಟ್ಟಲೆ ಕಾಯಿಸಿ, ಆಗ ತಾನೇ ಕರೆದ ಹಾಲಿನಷ್ಟು ಬೆಚ್ಚಗಿರುವಾಗ ಹುದುಗು ಹಾಕುವುದು. ಹಾಕಿದ ಕ್ಷಣ, ಹಾಕಿದವನು ಒಂದು ಕೂಗು ಹಾಕಬೇಕು. ಹೊಟ್ಟೆಯಿಂದ ಬರಬೇಕು. ಹುದುಗು ಬೆಚ್ಚಿಬಿದ್ದು ಕೆಲಸಕ್ಕೆ ಹತ್ತುತ್ತದೆ, ಮೂಲೆಯಲ್ಲಿ ಕೆಟ್ಟದ್ದೇನಾದರೂ ಕೂತಿದ್ದರೆ ಎದ್ದು ಹೋಗುತ್ತದೆ, ಕೂಗು ಗಟ್ಟಿಯಾದಷ್ಟೂ ಬಿಯರ್ ಗಟ್ಟಿ. ಇದನ್ನು ನಂಬುವವರು ಕಣಿವೆಯಲ್ಲಿ ಒಬ್ಬರೂ ಇಲ್ಲ. ಬಿಡುವವರೂ ಇಲ್ಲ.

ನಮ್ಮ ಮನೆಯ ಹುದುಗು ಅಪ್ಪನ ಅಜ್ಜನ ಕಾಲದ್ದು. ಒಂದು ಬಿಯರಿನಿಂದ ತೆಗೆದು ಒಣಗಿಸಿ ಮುಂದಿನದಕ್ಕೆ ಹಾಕುತ್ತಾ ಹಾಕುತ್ತಾ ಉಳಿಸಿಕೊಂಡು ಬಂದದ್ದು. ಈಗ ಒಂದು ಗಾಜಿನ ಭರಣಿಯಲ್ಲಿ ಚಕ್ಕೆ ಚಕ್ಕೆಯಾಗಿ, ಅಪ್ಪನ ಕೋಣೆಯ ಗೋಡೆ ಬೀರುವಿನಲ್ಲಿ, ಬೀಗದೊಳಗೆ ಇದೆ. ಅಪ್ಪನಿಗೆ ಎಂಬತ್ತೊಂದು. ಸೊಂಟ ಕೈಕೊಟ್ಟದ್ದರಿಂದ ಕಳೆದ ಕ್ರಿಸ್‌ಮಸ್‌ಗೆ ಮೊದಲ ಸಲ ಅಳಿಯನ ಕೈಗೆ ಹುದುಗು ಕೊಟ್ಟರು. ಹಾಲ್ವೋರ್ ಹಾಕಿದ. ಕೂಗನ್ನೂ ಕೂಗಿದ, ಫೋನ್ ಎತ್ತಿ "ಹಲೋ, ಯಾರು ಬೇಕಿತ್ತು" ಎಂದು ಕೇಳುವಷ್ಟು ದನಿಯಲ್ಲಿ. ಬಿಯರ್ ಕಾಲುವೆ ನೀರಿನಂತಾಯಿತು. ಪಕ್ಕದ ಮನೆಯ ಆರ್ನ್‌ಫಿನ್ ಒಂದು ಲೋಟ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, "ಬಾಯಾರಿಕೆ ಹೋಯ್ತು" ಅಂದ. ಈ ಕಣಿವೆಯಲ್ಲಿ ಒಬ್ಬನ ಬಿಯರ್ ಬಗ್ಗೆ ಇದಕ್ಕಿಂತ ಕ್ರೂರವಾದ ಮಾತನ್ನು ನಾನು ಕೇಳಿಲ್ಲ.

ಅಪ್ಪ ಲೋಟ ಕೆಳಗಿಟ್ಟು ಹೇಳಿದರು: "ಮೇ ತಿಂಗಳಲ್ಲಿ ತೂವಾ ದೃಢೀಕರಣ ಇದೆ. ಅವತ್ತಿನ ಬಿಯರ್ ನೋಡ್ತೀನಿ. ಅದೂ ಹಿಂಗೇ ಆದ್ರೆ ಭರಣಿ ಆರ್ನ್‌ಫಿನ್ ಮನೇಗೆ ಹೋಗುತ್ತೆ. ಹುದುಗಿಗೆ ಕೂಗೋರು ಬೇಕಪ್ಪ. ಓದಿ ಹೇಳೋರಲ್ಲ."

ತೂವಾ ನಮ್ಮ ಒಬ್ಬಳೇ ಮಗಳು, ಹದಿನೈದು. ಈ ವಯಸ್ಸಿನ ಮಕ್ಕಳು ಎಲ್ಲರ ಮುಂದೆ ತಮ್ಮ ನಂಬಿಕೆಯನ್ನು ಒಪ್ಪಿಕೊಳ್ಳುವ ವಿಧಿ ಈ ದೃಢೀಕರಣ; ಅದು ಚರ್ಚಿನಲ್ಲಿ, ಆಮೇಲೆ ಮನೆಯಲ್ಲಿ ಮೂವತ್ತು ಜನ ನೆಂಟರ ಊಟ. ಅವಳಿಗೆ ಅಜ್ಜಿಯ ಕಾಲದ ಉಡುಪು ಹೊಂದಿಸುವುದು, ಅದರ ಬೆಳ್ಳಿ ಗುಂಡಿಗಳನ್ನು ಉಜ್ಜುವುದು, ಕೇಕ್ ಹಂಚಿಕೊಡುವುದು, ಎಲ್ಲ ನನ್ನ ಪಾಲಿಗಿತ್ತು. ಹಾಲ್ವೋರ್ ಪಾಲಿಗೆ ಇದ್ದದ್ದು ಒಂದೇ ಕೂಗು.

ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸಿಕೊಂಡು ಅಪ್ಪನ ಹತ್ತಿರ ಬಿಯರ್ ಕಾಯಿಸುವುದನ್ನು ಕಲಿಯುತ್ತಿದ್ದರು. ಹಾಲ್ವೋರ್ ಪಟ್ಟಣಕ್ಕೆ ಹೋಗಿ ಒಂದು ಉಕ್ಕಿನ ಪೀಪಾಯಿ ತಂದ. ಪಕ್ಕಕ್ಕೆ ಗ್ಯಾಸಿನ ಸಣ್ಣ ಸಿಲಿಂಡರ್, ಮೇಲೆ ಹಿತ್ತಾಳೆ ನಲ್ಲಿ. ಅದನ್ನು ಅಡುಗೆಮನೆ ಮೇಜಿನ ಮೇಲಿಟ್ಟು ಒಂದು ವಾರ ಒರೆಸಿದ.

"ಮರದ ಪೀಪಾಯಿ ಏನಾಗಿತ್ತು?" ಅಂದರು ಅಪ್ಪ.

"ಮಾವ, ಇದ್ರಲ್ಲಿ ನಲ್ಲಿ ತಿರುಗಿಸಿದ್ರೆ ಸಾಕು. ನೊರೆ ಎಷ್ಟು ಬೇಕೋ ಅಷ್ಟೇ."

"ಒಳಗೆ ನೀರಿದ್ರೆ ನೀರೇ ಬರುತ್ತೆ ಅಲ್ವಾ?"

ಹಾಲ್ವೋರ್ ಒರೆಸುವುದನ್ನು ನಿಲ್ಲಿಸಲಿಲ್ಲ, ಆದರೆ ಒರೆಸುವ ಬಟ್ಟೆ ನಿಧಾನವಾಯಿತು.

ದೃಢೀಕರಣಕ್ಕೆ ಎರಡು ವಾರ ಇರುವಾಗ, ಒಂದು ಸೋಮವಾರ, ನಾನು ಅಡುಗೆಮನೆಯಲ್ಲಿ ಬೆಳ್ಳಿ ಗುಂಡಿ ಉಜ್ಜುತ್ತಿದ್ದೆ. ಆರ್ನ್‌ಫಿನ್‌ನ ಹೆಂಡತಿ ಗುನ್ವೋರ್ ಒಂದು ತಟ್ಟೆ ತುಂಬ ಬಿಸಿ ವಾಫಲ್ ಹಿಡಿದು ಬಂದಳು. ಮೇಲೆ ಕಂದು ಚೀಸು ಬೇರೆ.

"ಸಿಗ್ರುನ್, ನಾನೇನೂ ಕೇಳಲ್ಲ" ಅಂದಳು.

"ಏನನ್ನ?"

"ಅದೇ. ಏನನ್ನೂ ಕೇಳಲ್ಲ. ತಿನ್ನು."

ತಿಂದೆ. ಅವಳು ನನ್ನ ಮುಖವನ್ನೂ ಮುಂಗೈಗಳನ್ನೂ ನೋಡುತ್ತಾ ಕೂತಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು, "ನಮ್ಮನೆ ಮಹಡಿ ಕೋಣೆ ಖಾಲಿ ಇದೆ ಕಣೇ. ಒಳಗಡೆಯಿಂದಾನೂ ಚಿಲಕ ಹಾಕ್ಕೋಬಹುದು. ಸುಮ್ನೆ ಹೇಳಿದೆ" ಅಂದಳು.

ಬುಧವಾರ ಅವಳು ಹುಳಿಕೆನೆ ಗಂಜಿ ತಂದಳು. ನಮ್ಮಲ್ಲಿ ನೆರೆಯವರು ಹುಳಿಕೆನೆ ಗಂಜಿ ಹೊತ್ತು ತರುವುದು ಎರಡೇ ಸಂದರ್ಭಕ್ಕೆ: ಒಂದು ಹೆರಿಗೆ, ಇನ್ನೊಂದು ಸಾವು. ನನಗೆ ನಲವತ್ತೊಂದು. ಅಪ್ಪ ಅಂಗಳದ ಬೆಂಚಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಎರಡೂ ಅಲ್ಲ ಎಂದು ಖಚಿತ ಮಾಡಿಕೊಂಡು ನಾನು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

"ಗುನ್ವೋರ್, ಏನಾಗಿದೆ ಅಂತ ಹೇಳ್ತೀಯಾ ಇಲ್ವಾ?"

"ನೀನೇ ಹೇಳ್ಕೊಳ್ಳೋವರೆಗೂ ನಾನು ಹೇಳೋಕಾಗಲ್ಲ. ಆದ್ರೆ ಬಟ್ಟೆ ಹರವೋಕೆ ನಿಂತ್ರೆ ಎಲ್ಲಾ ಕೇಳ್ಸುತ್ತೆ. ಮೂರು ದಿನದಿಂದ. ಸಂಜೆ ಆರಕ್ಕೆ. ನಿಮ್ಮ ಸೌದೆ ಕೊಟ್ಟಿಗೆ ಕಡೆಯಿಂದ. ಹತ್ತೊಂಬತ್ತು ವರ್ಷ ಬಾಯಿ ಬಿಡದ ಮನುಷ್ಯ, ಪಾಪ, ಎಲ್ಲಾ ಒಳಗೇ ಇಟ್ಕೊಂಡಿದ್ದ ಅನ್ಸುತ್ತೆ."

ಸಂಜೆ ಆರಕ್ಕೆ ಸೌದೆ ಕೊಟ್ಟಿಗೆಗೆ ಹೋದೆ. ಹಾಲ್ವೋರ್ ಗೋಡೆಗೆ ಮುಖ ಮಾಡಿ ನಿಂತಿದ್ದ. ಕಾಲು ಅಗಲ, ಮುಷ್ಟಿ ಬಿಗಿ. ಒಂದು ಶಬ್ದ ಹೊರಟಿತು. ಕೂಗು ಎಂದರೆ ಕೂಗು, ಆದರೆ ನಡುವೆ ಎಲ್ಲೋ ಮನಸ್ಸು ಬದಲಾಯಿಸಿ ಕ್ಷಮೆ ಕೇಳುವ ಹಾಗಿತ್ತು.

"ಅಭ್ಯಾಸ" ಅಂದ, ನನ್ನನ್ನು ನೋಡಿ ಕಿವಿಯವರೆಗೂ ಕೆಂಪಾಗಿ.

ಇದರ ಅರ್ಥ ನಮ್ಮವರಿಗೆ ಬೇಗ ತಿಳಿಯುತ್ತದೆ. ಹುದುಗಿನ ಕೂಗು ಅಭ್ಯಾಸ ಮಾಡುವಂಥದ್ದಲ್ಲ. ಅದು ಇದ್ದವರಿಗೆ ಇರುತ್ತದೆ, ಹುದುಗು ಕೈಯಲ್ಲಿದ್ದಾಗ ಬರುತ್ತದೆ. ಸೌದೆಯ ಮುಂದೆ ನಿಂತು ಗಳಿಸಿಕೊಂಡದ್ದು ಎಂದು ಗೊತ್ತಾದರೆ ಅಪ್ಪ ಭರಣಿಯನ್ನು ಅವತ್ತೇ ಬೇಲಿ ದಾಟಿಸುತ್ತಿದ್ದರು, ಆರ್ನ್‌ಫಿನ್ ಇನ್ನೊಂದು ಮರ್ಯಾದೆಯ ಮಾತು ಆಡುತ್ತಿದ್ದ.

"ಯಾರಿಗೂ ಹೇಳ್ಬೇಡ. ತೂವಾ ಮುಂದೆ ನಾನು ಏನಾಗ್ತೀನಿ ಹೇಳು. ಅವಳ ಊಟದ ದಿನ ತಾತ ಭರಣಿ ತಗೊಂಡು ಹೋಗಿ ಪಕ್ಕದ ಮನೇಗೆ ಕೊಟ್ರೆ?" ಅಂದ ಹಾಲ್ವೋರ್. ಕನ್ನಡಕ ತೆಗೆದು ಒರೆಸಿಕೊಂಡ. ಅದರ ಮೇಲೆ ಮರದ ಹೊಟ್ಟು ಇತ್ತು.

ಹೇಳುವುದಿಲ್ಲ ಎಂದೆ. ಮಾತು ಕೊಟ್ಟಾಗ ಅದು ಬರೀ ಬಾಯಿ ಮುಚ್ಚಿಕೊಂಡಿರುವ ಕೆಲಸ ಎಂದುಕೊಂಡಿದ್ದೆ.

ಗುರುವಾರ ಬೆಳಿಗ್ಗೆ ಪುರಸಭೆಯ ಕುಟುಂಬ ಕಲ್ಯಾಣ ವಿಭಾಗದಿಂದ ವಿಗ್ಡಿಸ್ ಬಂದಳು. ಶಾಲೆಯಲ್ಲಿ ನನಗಿಂತ ಎರಡು ತರಗತಿ ಹಿಂದಿದ್ದವಳು, ಈಗ ಕೈಯಲ್ಲಿ ಫೈಲು. ಚಪ್ಪಲಿ ಬಿಟ್ಟು, ಮೇಜಿನ ಮೇಲಿದ್ದ ಪೀಪಾಯಿಯನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿ, ಕೂತಳು.

"ಇದು ತಪಾಸಣೆ ಅಲ್ಲ, ಸಿಗ್ರುನ್. ಮಾತುಕತೆ ಅಷ್ಟೇ. ಮಂಗಳವಾರ ನಾಲ್ಕೂ ಹತ್ತಕ್ಕೆ ರೈಲ್ವೆ ಗೇಟ್ ಹತ್ರ ನಿಮ್ಮ ಕಾರು ನನ್ನ ಕಾರಿನ ಪಕ್ಕ ನಿಂತಿತ್ತು."

"ಸರಿ."

"ಗಾಜು ಏರ್ಸಿತ್ತು. ಹಾಲ್ವೋರ್ ಬಾಯಿ ತೆಗೆದಿದ್ರು. ಕತ್ತಿನ ನರ ಇಷ್ಟು ದಪ್ಪ. ರೈಲು ಹೋಗೋಷ್ಟರಲ್ಲಿ ಹದಿನಾಲ್ಕು ಸಲ. ನಾನು ಎಣಿಸ್ದೆ. ಹಿಂದಿನ ಸೀಟಲ್ಲಿ ಮಗು ತಲೆ ತಗ್ಗಿಸ್ಕೊಂಡು ಕೂತಿತ್ತು."

"ಫೋನ್ ನೋಡ್ತಾ ಇದ್ದಿರ್ಬೇಕು. ಅವಳು ಕಾರಲ್ಲಿ ಯಾವಾಗ್ಲೂ ಹಾಗೇ."

"ಎಲ್ಲಾ ತಾಯಂದಿರೂ ಮೊದಲು ಹಾಗೇ ಅಂತಾರೆ."

ತೂವಾ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಳ್ಳಲು ಒಳಗೆ ಬಂದಳು. ವಿಗ್ಡಿಸ್ ದನಿಯನ್ನು ಹತ್ತಿಯಂತೆ ಮಾಡಿಕೊಂಡು, "ಪುಟ್ಟಾ, ಅಪ್ಪ ಕಾರಲ್ಲಿ ಕೂಗ್ತಾರಾ?" ಎಂದು ಕೇಳಿದಳು.

"ಹೂಂ."

"ಆಗ ನಿಂಗೆ ಹೇಗನ್ಸುತ್ತೆ?"

"ನಾಚ್ಕೆ ಆಗುತ್ತೆ."

ವಿಗ್ಡಿಸ್ ಬಹಳ ಹೊತ್ತು ಬರೆದಳು. ಒಂದೇ ಪದ ಬರೆಯುವುದಕ್ಕೆ ಇಷ್ಟು ಜಾಗ ಹಿಡಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಎರಡನೇ ಹಾಳೆ ತಿರುಗಿಸುವಾಗ ನನ್ನ ಬಾಯಿಂದ ಅದು ಹೊರಬಿತ್ತು.

"ಹಲ್ಲು ನೋವು" ಎಂದೆ. "ಹಾಲ್ವೋರ್‌ಗೆ ಹಲ್ಲು ನೋವು. ಬಂದಾಗ ತಡ್ಕೊಳ್ಳೋಕಾಗಲ್ಲ. ಮನೆಯವರಿಗೆ ಗೊತ್ತಾಗಬಾರದು ಅಂತ ಕೊಟ್ಟಿಗೇಲಿ, ಕಾರಲ್ಲಿ ಕೂಗ್ಕೋತಾನೆ. ಗಂಡಸರು ಗೊತ್ತಲ್ಲ."

ವಿಗ್ಡಿಸ್‌ಗೆ ಮದುವೆಯಾಗಿ ಹದಿನೆಂಟು ವರ್ಷ. ಅವಳು ಪೆನ್ನು ಮುಚ್ಚಿದಳು. ಫೈಲೂ ಮುಚ್ಚುತ್ತಿದ್ದಳು, ಅಷ್ಟರಲ್ಲಿ ತೆರೆದ ಕಿಟಕಿಯಾಚೆ ಬೆಂಚಿನಿಂದ ಅಪ್ಪನ ದನಿ ಬಂತು.

"ಹಲ್ಲು ನೋವು ಅಂತ ಮೊದಲೇ ಹೇಳ್ಬಾರ್ದಾ? ಓಸ್‌ಹಿಲ್ಡ್‌ಗೆ ಈಗಲೇ ಫೋನ್ ಮಾಡ್ತೀನಿ."

ಓಸ್‌ಹಿಲ್ಡ್ ನನ್ನ ದೊಡ್ಡಪ್ಪನ ಮಗಳು, ಸೀಮೆಗೇ ಹೆಸರಾದ ದಂತವೈದ್ಯೆ. ಅವಳು ನೆಂಟರಿಗೋಸ್ಕರ ಶನಿವಾರ ಮಧ್ಯಾಹ್ನ ಚಿಕಿತ್ಸಾಲಯ ತೆರೆಯುತ್ತೇನೆ ಅಂದಳು. ಶನಿವಾರವೇ ಬಿಯರ್ ಕಾಯಿಸುವ ದಿನ.

"ನನ್ ಹಲ್ಲಿಗೆ ಏನೂ ಆಗಿಲ್ಲ" ಅಂದ ಹಾಲ್ವೋರ್, ಸಂಜೆ ನಾನು ಹೇಳಿದಾಗ.

"ಗೊತ್ತು."

"ನಾನು ಹೋದ್ರೆ ಅವಳಿಗೂ ಗೊತ್ತಾಗುತ್ತೆ."

"ನೋಡ್ತಾಳೆ, ಏನೂ ಇಲ್ಲ ಅಂತಾಳೆ, ವಾಪಸ್ ಬರ್ತೀಯ. ಹೋಗಿಲ್ಲ ಅಂದ್ರೆ ವಿಗ್ಡಿಸ್ ಫೈಲ್ ಮತ್ತೆ ತೆಗೀತಾಳೆ. ಯಾವುದು ಬೇಕು?"

ಶನಿವಾರ ಬೆಳಿಗ್ಗೆಯಿಂದ ನೆಲಮಾಳಿಗೆಯಲ್ಲಿ ಹಬೆ. ಅಪ್ಪ ಸ್ಟೂಲಿನ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದರು, ಹಾಲ್ವೋರ್ ನೀರು ಹೊತ್ತ, ಸೌದೆ ಒಡೆದ, ಸೊಪ್ಪು ಸೋಸಿದ, ಹಂಡೆ ತಿರುವಿದ. ಕೆಲಸದಲ್ಲಿ ಅವನಿಗೆ ಯಾರೂ ಹೆಸರಿಡುವಂತಿರಲಿಲ್ಲ. ಒಂದು ಗಂಟೆಗೆ ಓಸ್‌ಹಿಲ್ಡ್ ಹತ್ತಿರ ಹೋದ. ಮೂರೂವರೆಗೆ ಬಂದ. ಎಡಗೆನ್ನೆ ಬ್ರೆಡ್ಡಿನ ಹಿಟ್ಟಿನಂತೆ ಉಬ್ಬಿತ್ತು, ತುಟಿಯ ಮೂಲೆಯಿಂದ ಹತ್ತಿ ಇಣುಕುತ್ತಿತ್ತು. ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟ, ಓಸ್‌ಹಿಲ್ಡ್‌ಳ ಅಕ್ಷರದಲ್ಲಿ: "ಎಲ್ಲೂ ಹುಳುಕಿಲ್ಲ. ಆದರೆ ಬುದ್ಧಿಹಲ್ಲು ಅಡ್ಡ ಬೆಳೆದಿದೆ. ಇಷ್ಟು ದಿನ ಕೂಗಿಕೊಂಡದ್ದು ಆಶ್ಚರ್ಯವಲ್ಲ. ಕಿತ್ತಿದ್ದೇನೆ. ಎರಡು ದಿನ ಬಾಯಿ ಅಗಲಿಸಕೂಡದು."

"ನೀನು ಬೇಡ ಅನ್ಲಿಲ್ವಾ?"

"ಫಾಯಿ ತುಂಫಾ ಅವಳ್ ಕೈಯಿತ್ತು" ಅಂದ ಹಾಲ್ವೋರ್.

ಐದು ಗಂಟೆಗೆ ಬಾರ್ಲಿ ರಸ ಹಾಲಿನಷ್ಟು ಬೆಚ್ಚಗಾಯಿತು. ಅಪ್ಪ ಭರಣಿಯಿಂದ ಒಂದು ಹಿಡಿ ಹುದುಗನ್ನು ಬಟ್ಟಲಿಗೆ ಹಾಕಿ ನೆನೆಸಿ ಅಳಿಯನ ಕೈಗೆ ಕೊಟ್ಟರು, ಉಬ್ಬಿದ ಕೆನ್ನೆ ನೋಡಿದರು. ನಮ್ಮ ಮನೆಯ ಪದ್ಧತಿಯಲ್ಲಿ ಹುದುಗು ಹಾಕುವವನು ಒಬ್ಬನೇ ಇರಬೇಕು, ಬಾಗಿಲು ಮುಚ್ಚಿರಬೇಕು. ಅಪ್ಪ ಕೋಲೂರಿಕೊಂಡು ಹೊರಗೆ ಹೋಗಿ ಬೆಂಚಿನಲ್ಲಿ ಕೂತರು. ಬೇಲಿಯ ಆಚೆ ಆರ್ನ್‌ಫಿನ್‌ಗೆ ಆ ಹೊತ್ತಿಗೇ ಬೇಲಿ ಗೂಟ ಸರಿಮಾಡುವ ಕೆಲಸ ಬಂತು. ಗುನ್ವೋರ್‌ಗೆ ಬಟ್ಟೆ ಹರವುವುದಿತ್ತು. ಬುಟ್ಟಿಯಲ್ಲಿ ಇದ್ದದ್ದು ಒಂದು ಟವಲು.

ನಾನು ಅಡುಗೆಮನೆಯಲ್ಲಿ ನಿಂತು ಕಾದೆ. ಒಂದು ನಿಮಿಷ. ಎರಡು. ಒಳಮೆಟ್ಟಿಲಿನಿಂದ ಇಳಿದು ಹೋದೆ.

ಬಟ್ಟಲು ಖಾಲಿಯಾಗಿತ್ತು. ಹುದುಗು ಹಂಡೆಯಲ್ಲಿ ತೇಲುತ್ತಿತ್ತು, ಏನೂ ಆಗದ ಹಾಗೆ. ಹಾಲ್ವೋರ್ ಅದರ ಮೇಲೆ ಬಾಗಿ, ಬಾಯಿ ತೆರೆಯಲು ಆಗದೆ, ಮೂಗಿನಿಂದ "ಫ್ಫ್" ಅನ್ನುತ್ತಿದ್ದ. ಬಿಸಿ ಚಹಾ ಆರಿಸುವವರ ಹಾಗೆ. ಕಣ್ಣಲ್ಲಿ ನೀರಿತ್ತು. ನೋವಿಗೋ ಇನ್ನೊಂದಕ್ಕೋ ನಾನು ಕೇಳಲಿಲ್ಲ. ಮುಖ ನನ್ನ ಕಡೆ ತಿರುಗಿಸಿ, ತಲೆಯನ್ನು ಅಡ್ಡಕ್ಕೆ ಆಡಿಸಿದ. ಮುಗಿಯಿತು ಎಂದು.

ಹಲ್ಲು ನೋವು ಎಂದು ಹೇಳಿದವಳು ನಾನು. ಆ ಹಲ್ಲು ಈಗ ಓಸ್‌ಹಿಲ್ಡ್‌ಳ ತಟ್ಟೆಯಲ್ಲಿತ್ತು.

ಅವನನ್ನು ಪಕ್ಕಕ್ಕೆ ಸರಿಸಿದೆ. ಹಂಡೆಯ ಅಂಚು ಹಿಡಿದೆ. ಆಮೇಲೆ ಕೂಗಿದೆ. ಯೋಚಿಸಿ ಕೂಗಿದ್ದಲ್ಲ. ಅರವತ್ತೆರಡು ಬೆಳ್ಳಿ ಗುಂಡಿ ಅದರಲ್ಲಿತ್ತು, ಗುನ್ವೋರ್ ತಂದ ಗಂಜಿ ಇತ್ತು, ವಿಗ್ಡಿಸ್‌ಳ ಎರಡನೇ ಹಾಳೆ ಇತ್ತು, ಅಡುಗೆಮನೆ ಮೇಜಿನ ಅರ್ಧ ಜಾಗವನ್ನು ಒಂದು ವಾರ ತಿಂದ ಪೀಪಾಯಿ ಇತ್ತು, ತೂವಾ ಹೆಗಲಿಗೆ ಸಾಲದ ಉಡುಪಿನ ಹೊಲಿಗೆಯನ್ನು ಮೂರು ಸಲ ಬಿಚ್ಚಿ ಹಾಕಿದ್ದಿತ್ತು. ಕೂಗು ಮುಗಿದ ಮೇಲೂ ಎದುರು ಬೆಟ್ಟ ಸ್ವಲ್ಪ ಹೊತ್ತು ಕೂಗುತ್ತಿತ್ತು. ಆರ್ನ್‌ಫಿನ್‌ನ ಕುರಿಗಳು ಹುಲ್ಲುಗಾವಲಿನ ಆ ತುದಿಗೆ ಹೋಗಿ ನಿಂತವು ಎಂದು ಆಮೇಲೆ ತಿಳಿಯಿತು.

ಹಾಲ್ವೋರ್ ಗೋಡೆಗೆ ಒರಗಿದ್ದ. ಹತ್ತಿ ಬಾಯಿಂದ ಬಿದ್ದುಹೋಗಿತ್ತು.

"ಇಷ್ಟು ವರ್ಷ ಇದು ಎಲ್ಲಿತ್ತು?" ಅಂದ, ಇದ್ದಷ್ಟು ತುಟಿಯಲ್ಲಿ.

"ಹೊರಗೆ ಹೋಗು. ಬೆವರು ಒರೆಸ್ಕೊಂಡು ಹೋಗು. ನಾನು ಇಲ್ಲಿಗೆ ಬಂದಿಲ್ಲ."

ಅವನು ಹೊರಗೆ ಹೋದ. ನಾನು ಒಳಮೆಟ್ಟಿಲು ಹತ್ತಿ, ಕಿಟಕಿಯಿಂದ ನೋಡಿದೆ. ಅಪ್ಪ ಬೆಂಚಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ಆರ್ನ್‌ಫಿನ್ ಗೂಟ ಹಿಡಿದು ನಿಂತಿದ್ದ. ಗುನ್ವೋರ್ ಟವಲನ್ನು ಹರವಿ, ತೆಗೆದು, ಮತ್ತೆ ಹರವಿದಳು.

ಅರ್ಧ ಗಂಟೆಗೆ ಹಂಡೆಯ ಮೇಲೆ ನೊರೆ ಎದ್ದಿತು. ರಾತ್ರಿ ಊಟದ ಹೊತ್ತಿಗೆ ಮುಚ್ಚಳ ಎತ್ತಿತು. ಸೋಮವಾರ ಅದನ್ನು ಪೀಪಾಯಿಗೆ ತುಂಬಿಸುವಾಗ ಹಾಲ್ವೋರ್ ಒಂದು ತೊಟ್ಟೂ ಚೆಲ್ಲಲಿಲ್ಲ. ವಾಡಿಕೆಯಂತೆ ವಾಸನೆ ಹಿಡಿದು ನೆರೆಯವರು ರುಚಿ ನೋಡಲು ಬಂದಾಗ ಮಾತ್ರ ಅಪ್ಪ ತಡೆದರು. "ಭಾನುವಾರ. ಎಲ್ಲರ ಮುಂದೆ. ನಾನು ಮೊದಲು."

ಭಾನುವಾರ ತೂವಾ ಉಡುಪಿನಲ್ಲಿ ಎಷ್ಟು ಚಂದ ಕಂಡಳೆಂದರೆ ನಾನು ಹೊಲಿಗೆಯನ್ನೆಲ್ಲ ಮರೆತೆ. ಚರ್ಚಿನಿಂದ ಬಂದು ಮೂವತ್ತು ಜನ ಮೇಜಿನ ಸುತ್ತ ಕೂತರು. ಓಸ್‌ಹಿಲ್ಡ್ ಬಂದಿದ್ದಳು. ಅವಳ ಪಕ್ಕದಲ್ಲಿ ವಿಗ್ಡಿಸ್, ಅವಳ ಗಂಡನ ಕಡೆಯಿಂದ ನಮಗೆ ದೂರದ ನೆಂಟಳು. ಹಾಲ್ವೋರ್ ಪೀಪಾಯಿಯನ್ನು ಹೊಳೆಯುವಂತೆ ಒರೆಸಿ, ಗ್ಯಾಸು ತಿರುಗಿಸಿ, ಅಪ್ಪನ ಲೋಟ ಹಿಡಿದು ನಲ್ಲಿ ಬಿಟ್ಟ. ಗ್ಯಾಸನ್ನು ಸ್ವಲ್ಪ ಹೆಚ್ಚೇ ತಿರುಗಿಸಿದ್ದ. ಮೊದಲ ಲೋಟದ ನೊರೆ ವಿಗ್ಡಿಸ್‌ಳ ಬಿಳಿ ಅಂಗಿಗೆ ಹೋಯಿತು. ಎರಡನೆಯದೂ ಅವಳಿಗೇ ಹೋಯಿತು. ಅವಳು ಬೆರಳಿನಿಂದ ಗಲ್ಲ ಒರೆಸಿ, ಬೆರಳು ನಾಲಿಗೆಗೆ ಮುಟ್ಟಿಸಿಕೊಂಡು, "ಪರವಾಗಿಲ್ಲ, ಬಿಡಿ" ಅಂದಳು. ಆಮೇಲೆ ಇನ್ನೊಂದು ಸಲ ಗಲ್ಲ ಒರೆಸಿ ನೆಕ್ಕಿದಳು.

ಮೂರನೆಯ ಲೋಟ ಅಪ್ಪನ ಕೈಗೆ ಹೋಯಿತು. ಅವರು ಕುಡಿದರು. ನಿಧಾನಕ್ಕೆ, ಪೂರ್ತಿಯಾಗಿ, ತಳ ಕಾಣುವವರೆಗೆ. ಹಾಲ್ವೋರ್ ನಲ್ಲಿ ಹಿಡಿದುಕೊಂಡೇ ನಿಂತಿದ್ದ, ಬಿಟ್ಟರೆ ಬೀಳುತ್ತೇನೆಂಬಂತೆ.

"ಗಟ್ಟಿ ಇದೆ" ಅಂದರು ಅಪ್ಪ. "ನಮ್ಮಪ್ಪನ ಕಾಲದಲ್ಲಿ ಹಿಂಗಿತ್ತು. ಕೂಗಿದ್ದು ಯಾರು?"

ಹಾಲ್ವೋರ್ ನನ್ನನ್ನು ನೋಡಿದ. ತೂವಾಳನ್ನು ನೋಡಿದ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ನನಗೆ ಗೊತ್ತು. ಬಾಯಿ ತೆರೆದ.

"ಮಾವ, ನಿಜ ಹೇಳ್ಬೇಕು ಅಂದ್ರೆ, ಅದು ನಾನ..."

"ಹಾಲ್ವೋರೇ, ಮತ್ಯಾರು" ಅಂದಳು ಗುನ್ವೋರ್. "ಬಟ್ಟೆ ಹರವ್ತಾ ಇದ್ದೆ ನಾನು. ನನ್ ಕಿವಿಯಾರೆ ಕೇಳ್ದೆ."

"ಗಂಡಸಿನ ಕೂಗು" ಅಂದ ಆರ್ನ್‌ಫಿನ್, ಲೋಟ ನೋಡುತ್ತಾ. "ಬೇಲಿ ಹತ್ರಾನೇ ಇದ್ದೆ. ಅನುಮಾನವೇ ಇಲ್ಲ."

"ಅವರು ಕೂಗೋದು ನಾನು ಕಣ್ಣಾರೆ ನೋಡಿದೀನಿ" ಅಂದಳು ವಿಗ್ಡಿಸ್. "ದಾಖಲೆ ಇದೆ."

"ಅಡ್ಡ ಹಲ್ಲು ಕಿತ್ತಿದ್ದಕ್ಕೆ ಬಾಯಿ ಬಿಟ್ಟಿದೆ" ಅಂದಳು ಓಸ್‌ಹಿಲ್ಡ್.

ತೂವಾ ತಟ್ಟೆ ನೋಡಿಕೊಂಡು, "ಅಪ್ಪ ಚೆನ್ನಾಗಿ ಕೂಗ್ತಾರೆ. ರೈಲ್ವೆ ಗೇಟಲ್ಲಿ ಎಲ್ಲರಿಗೂ ಗೊತ್ತು" ಅಂದಳು.

ಅಪ್ಪ ಒಬ್ಬೊಬ್ಬರನ್ನೂ ನೋಡಿದರು. ಕೊನೆಗೆ ನನ್ನನ್ನು ನೋಡಿದರು, ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು. ನಾನು ಆಲೂಗಡ್ಡೆ ಬಡಿಸುತ್ತಿದ್ದೆ.

"ಹಲ್ಲು ಹೋದ ಮೇಲೆ ದನಿ ಸ್ವಲ್ಪ ತೆಳ್ಳಗಾಗಿದೆ ನಿಂದು" ಅಂದರು ಅಳಿಯನಿಗೆ. "ಪರವಾಗಿಲ್ಲ. ದೂರ ಹೋಗುತ್ತೆ." ಕೋಟಿನ ಜೇಬಿನಿಂದ ಬೀರುವಿನ ಕೀಲಿ ತೆಗೆದು ಹಾಲ್ವೋರ್‌ನ ತಟ್ಟೆಯ ಪಕ್ಕ ಇಟ್ಟರು. ಹಾಲ್ವೋರ್ ನಲ್ಲಿ ಬಿಟ್ಟು ಆ ಕೀಲಿ ತೆಗೆದುಕೊಂಡ. ಪೀಪಾಯಿ ಸಂಜೆಯೊಳಗೆ ಖಾಲಿಯಾಯಿತು, ಬಾಯಾರಿಕೆಯ ಮಾತನ್ನು ಯಾರೂ ಎತ್ತಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನನಗೆ ದೂರುವುದಕ್ಕೆ ಏನೂ ಇರಲಿಲ್ಲ.

ಅಕ್ಟೋಬರಿನಲ್ಲಿ ಆರ್ನ್‌ಫಿನ್ ನಮ್ಮನೆಗೆ ಬಂದ. ಕಾಫಿ ಕುಡಿದ. ಹವಾಮಾನ ಮಾತಾಡಿದ. ಎದ್ದು ಹೋಗುವ ಹೊತ್ತಿಗೆ, "ಹಾಲ್ವೋರ್, ಶನಿವಾರ ನಮ್ಮನೇಲೂ ಬಿಯರ್ ಕಾಯ್ಸ್ತೀವಿ. ನನ್ ಗಂಟಲು ಈ ವರ್ಷ ಸರಿ ಇಲ್ಲ. ನೀನು ಬಂದು ಒಂದು ಕೂಗು ಹಾಕಿಕೊಡ್ತೀಯಾ?" ಅಂದ.

ನಾನು ಮೇಜಿನ ಕೆಳಗೆ ಹಾಲ್ವೋರ್‌ನ ಕಾಲಿಗೆ ಒದ್ದೆ. ಅವನು ಅದನ್ನು ಪ್ರೋತ್ಸಾಹ ಎಂದುಕೊಂಡ.

"ಧಾರಾಳವಾಗಿ" ಅಂದ. "ನೆರೆಯವರಿಗೆ ಅಷ್ಟೂ ಮಾಡದಿದ್ರೆ ಹೇಗೆ?"

ಶನಿವಾರ ನಾಲ್ಕೂ ಮುಕ್ಕಾಲಿಗೆ ಆರ್ನ್‌ಫಿನ್ ಹಾಲ್ವೋರ್‌ನನ್ನು ಮುಂಬಾಗಿಲಿನಿಂದ ಮರ್ಯಾದೆಯಿಂದ ಕರೆದುಕೊಂಡು ಹೋದ. ನಾನು ಬ್ರೆಡ್ಡಿನ ಹಿಟ್ಟು ಅರ್ಧ ನಾದಿ ಬಿಟ್ಟು, ಅವರ ಮನೆಯ ಹಿಂದೆ ಆಲೂಗಡ್ಡೆ ಮೂಟೆ ಇಳಿಸುವ ಸಣ್ಣ ಬಾಗಿಲಿನಿಂದ ನೆಲಮಾಳಿಗೆಗೆ ಇಳಿದೆ, ತಲೆ ತಗ್ಗಿಸಿ, ಏಪ್ರನ್ನಿನಲ್ಲೇ. ಕತ್ತಲಲ್ಲಿ ಮೂಟೆಗಳ ಹಿಂದೆ ಅಡಗಲು ಜಾಗ ಹುಡುಕಿದೆ. ಹುಡುಕಬೇಕಾಗಿರಲಿಲ್ಲ. ಮೂಟೆಗಳ ಹಿಂದೆ ಒಂದು ಸಣ್ಣ ಸ್ಟೂಲು, ಅದರ ಮೇಲೆ ಕಸೂತಿಯ ದಿಂಬು, ಪಕ್ಕದಲ್ಲಿ ಫ್ಲಾಸ್ಕಿನಲ್ಲಿ ಕಾಫಿ, ಒಂದು ಬಟ್ಟಲು ಜೇನು, ಚಮಚ.

ಕೂತೆ. ಗಂಟಲಿಗೆ ಒಂದು ಚಮಚ ಜೇನು ಹಾಕಿಕೊಂಡೆ. ಹಂಡೆಯ ಆಚೆ ಹಾಲ್ವೋರ್ ಬಾಗಿಲು ಮುಚ್ಚಿ, ಬಹಳ ಅನುಭವಸ್ಥನ ಹಾಗೆ ಕೆಮ್ಮಿದ.